ಒಂದೇ ಬಾಣಲೆಯ ಸುತ್ತ

ಪಕ್ಕದ ಮನೆಯ ಸ್ಪೇನಿನ ಆಂಟಿ ನಾವಿದ್ದ ಊರು ವೆಸ್ಟ್‌ಮಂಟ್ ಬಿಟ್ಟು ಡೆಟ್ರಾಯಿಟ್ ಹತ್ತಿರದ ಮಗಳ ಮನೆಗೆ ಹೊರಟಿದ್ದರು. ಬಿದ್ದು ಬಲಗೈ ಮಣಿಕಟ್ಟು ಮುರಿದ ಮೇಲೆ ಸೌಟು ಹಿಡಿಯಲು ಆಗುತ್ತಿರಲಿಲ್ಲ. "ಹೋಗೋ ಮುಂಚೆ ನಮ್ಮೂರಿನ ಮೀಗಾಸ್ ಒಂದು ಸಲ ತಿನ್ನಬೇಕು. ಮಗಳು ಮಾಡಲ್ಲ, ಅದು ಬಡವರ ಊಟವಂತೆ" ಎಂದರು. ನಾನು ಮಾಡುತ್ತೇನೆ ಎಂದೆ.

ಮೀಗಾಸ್ ಅಂದರೆ ಹಳೆಯ ಬ್ರೆಡ್ಡನ್ನು ಪುಡಿ ಮಾಡಿ ಆಲಿವ್ ಎಣ್ಣೆ, ಬೆಳ್ಳುಳ್ಳಿಯಲ್ಲಿ ಹುರಿಯುವುದು. ಮಾಂಸವನ್ನೂ ಹಾಕುತ್ತಾರೆ, ಮಾಂಸ ತಿನ್ನದ ನನಗಾಗಿ ಆಂಟಿ ಅದನ್ನು ಬಿಟ್ಟರು. ಅವರದು ಗುಡ್ಡದ ಮೇಲಿನ ಸಣ್ಣ ಊರು. ಕುರಿಗಾಹಿಗಳು ಚಳಿಗಾಲಕ್ಕೆ ಮಂದೆ ಹೊಡೆದುಕೊಂಡು ದಕ್ಷಿಣಕ್ಕೆ ಹೋಗುವ ಹಾದಿ ಊರ ನಡುವೆಯೇ ಹಾಯುತ್ತಿತ್ತು. ಬ್ರೆಡ್ ಸುಡಲು ಊರಿಗೆಲ್ಲ ಒಂದೇ ಗೂಡೊಲೆ. ಯಾರದು ಯಾವುದೆಂದು ತಿಳಿಯಲು ಪ್ರತಿ ಮನೆಯವರೂ ಹಿಟ್ಟಿನ ಮೇಲೆ ತಮ್ಮ ಮರದ ಮುದ್ರೆ ಒತ್ತುತ್ತಿದ್ದರು. ಪಾಳುಬಿದ್ದ ಕೋಟೆಯ ಕಲ್ಲುಗಳು ಮನೆಗಳ ಗೋಡೆ ಸೇರಿವೆ ಎಂದೂ ಹೇಳಿದ ನೆನಪು. ಆದರೆ ಅಂದಿನ ಡೈರಿಯಲ್ಲಿ ಕೋಟೆಯ ಮಾತೇ ಇಲ್ಲ. ಅವರು ಹೇಳಿದ್ದೋ, ನಾನು ಆಮೇಲೆ ಕಟ್ಟಿಕೊಂಡದ್ದೋ? ಮುದ್ರೆ ಮಾತ್ರ ಇದೆ, ಚಿತ್ರ ಸಮೇತ.

ಮೊದಲ ಸಲ ಕೆಟ್ಟಿತು. ಹುರಿದ ಪುಡಿ ಕಂಡ ಕೂಡಲೇ ನನ್ನ ಬೆಂಗಳೂರಿನ ಕೈ ಉಪ್ಪಿಟ್ಟೆಂದೇ ತಿಳಿದು ಕುದಿಯುವ ನೀರು ಹೊಯ್ದು ಮುಚ್ಚಿಟ್ಟಿತು. ಮುಚ್ಚಳ ತೆಗೆದರೆ ಬರೀ ಅಂಟು.

"ಗೋಡೆಗೆ ಪೋಸ್ಟರ್ ಅಂಟಿಸಬಹುದು ಕಣೇ," ಅಂದ ಗಂಡ.

ಆಂಟಿ ನಗಲಿಲ್ಲ. "ನೀರು ಹಿಂದಿನ ದಿನವೇ ಚಿಮುಕಿಸಿ ಬಟ್ಟೆ ಮುಚ್ಚಿಡಬೇಕು. ಆಮೇಲೆ ಒಂದು ತೊಟ್ಟೂ ಬೇಡ. ಕೈ ನಿಲ್ಲಿಸಬೇಡ."

ಅವರು ಹೊರಡುವ ಹಿಂದಿನ ದಿನ ಮತ್ತೆ ಮಾಡಿದೆ. ಮುಕ್ಕಾಲು ಗಂಟೆ ಕೈಯಾಡಿಸಿದೆ. ರಟ್ಟೆ ಸೋತಿತು, "ಕೊಡು ನಾನು ಸ್ವಲ್ಪ" ಎಂದ ಗಂಡನಿಗೂ ಸೌಟು ಕೊಡಲಿಲ್ಲ. ಪುಡಿ ಬಿಡಿಬಿಡಿಯಾಗಿ ಹೊಂಬಣ್ಣಕ್ಕೆ ಬಂತು. ತಟ್ಟೆ ತೆಗೆಯಹೋದರೆ ಆಂಟಿ ತಡೆದರು.

"ತಟ್ಟೆಗೆ ಹಾಕಿದರೆ ಬರೀ ಬ್ರೆಡ್ಡು. ಎಲ್ಲರೂ ಬಾಣಲೆ ಸುತ್ತ ನಿಲ್ಲಬೇಕು. ಒಂದು ಚಮಚ ತಗೋಬೇಕು, ಒಂದು ಹೆಜ್ಜೆ ಹಿಂದೆ ಸರೀಬೇಕು, ಇನ್ನೊಬ್ಬರಿಗೆ ಜಾಗ. ಹಾಗೇ ಸುತ್ತು, ಮುಗಿಯೋವರೆಗೆ."

ಗಂಡ ನನ್ನತ್ತ ನೋಡಿ ಕನ್ನಡದಲ್ಲಿ, "ಎಂಜಲು ಕಣೇ. ನಿನ್ನ ಕೈಲಿ ಆಗುತ್ತಾ?" ಅಂದ.

ಬಾಯಿಗಿಟ್ಟ ಚಮಚವನ್ನು ಮತ್ತೆ ಪಾತ್ರೆಗೆ ಹಾಕುವುದು ಅಮ್ಮನ ಅಡುಗೆಮನೆಯಲ್ಲಿ ಊಹಿಸಲೂ ಆಗದ ಮಾತು. ಆಫೀಸಿನಲ್ಲಿ ಬಾಟಲಿ ನೀರನ್ನು ನಾನು ಈಗಲೂ ಎತ್ತಿಯೇ ಕುಡಿಯುತ್ತೇನೆ.

"ಬೇಡವಾದರೆ ಬಿಡು," ಎಂದು ನನ್ನ ಮುಖ ನೋಡಿ ಹೇಳಿದ ಆಂಟಿ ಎಡಗೈಯಲ್ಲಿ ಚಮಚ ಹಿಡಿದು ನಿಂತೇ ಇದ್ದರು. ಒಬ್ಬರೇ ತಿಂದರೆ ಅದು ಅವರ ಊರಿನ ಊಟವಾಗುತ್ತಿರಲಿಲ್ಲ. ನಾನೇ ಮೊದಲು ತೆಗೆದುಕೊಂಡು ಹಿಂದೆ ಸರಿದೆ. ಅವರು ಮುಂದೆ ಬಂದರು, ಬಹಳ ಹೊತ್ತು ಅಗಿದರು.

"ಬೆಳ್ಳುಳ್ಳಿ ಕಡಿಮೆ." ಗಂಡನ ಕಡೆ ತಿರುಗಿ, "ನೀನೇನು ನೋಡ್ತಿದೀಯ? ಬಾ."

ಮೊದಲ ಚಮಚಕ್ಕಾಗಿ ನನ್ನನ್ನು ನಾನು ಹೊಗಳಿಕೊಳ್ಳಲಾರೆ, ಅದು ಯಾರ ಎಂಜಲೂ ಅಲ್ಲ. ಎರಡನೆಯ ಸುತ್ತು ಬಂದಾಗ ಕಾಲು ತಡೆಯಿತು. ಆಮೇಲೆ ಮುಂದಿಟ್ಟೆ. ಎಷ್ಟು ಸುತ್ತಾಯಿತೋ ಎಣಿಸಲಿಲ್ಲ. ಕೊನೆಗೆ ಆಂಟಿ ತಳಕ್ಕೆ ಹತ್ತಿದ ಗರಿಗರಿ ಹಕ್ಕಳೆಯನ್ನು ತಮ್ಮ ಚಮಚದಿಂದಲೇ ಕೆರೆದು ನನ್ನತ್ತ ಚಾಚಿದರು.

"ಇದು ಕೈಯಾಡಿಸಿದವಳಿಗೆ."

ಬಾಯಿ ತೆರೆದೆ.