ಬರೆಯದೆ ಉಳಿದ ಚೀಟಿ

ಇವತ್ತು ಮಧ್ಯಾಹ್ನ ಅಕ್ಕನ ಮಗಳು ಪುಟ್ಟಿ ಹಳೆಯ ರಟ್ಟು ಕತ್ತರಿಸಿ, ಮೈದಾ ಅಂಟಿನಿಂದ ಅದಕ್ಕೆ ಬಿಳಿ ಕಾಗದ ಹಚ್ಚುತ್ತ ಕುಳಿತಿದ್ದಳು. ಶಾಲೆಯ ಯಾವುದೋ ಆಟಕ್ಕಂತೆ. ಆ ಹಸಿ ವಾಸನೆ ಮೂಗಿಗೆ ಬಂದದ್ದೇ ನಾನು ಎದ್ದು ದೂರ ಹೋಗಿ ಕುಳಿತೆ. ಅಂಟಿಗೂ ಹೆದರುವವರುಂಟೆ ಎಂದು ನೀವು ನಗಬಹುದು. ನಗಿರಿ. ಆದರೆ ನಮ್ಮ ಮನೆಯ ಕೊನೆಯ ನೆಮ್ಮದಿಯ ದಿನಕ್ಕೆ ಇದೇ ವಾಸನೆಯಿತ್ತು.

ಪುಟ್ಟಿ ಆಗಿನ್ನೂ ಹೊಟ್ಟೆಯಲ್ಲಿದ್ದಳು. ಚೊಚ್ಚಲ ಹೆರಿಗೆಗೆಂದು ಅಕ್ಕ ಹಾರನಹಳ್ಳಿಗೆ, ನಮ್ಮ ಮನೆಗೆ ಬಂದಿದ್ದಳು. ಹಳ್ಳಿಯ ಹೆಂಗಸರು ಯಾವ ಕಾಯಿಲೆಗೆ ಏನು ಮಾಡುತ್ತಾರೆಂದು ತಿಳಿಯಲು ಮೈಸೂರಿನಿಂದ ಒಬ್ಬಾಕೆ ಬಂದು, ಒಂದು ಸಂಜೆ ಕೇರಿಯ ಹೆಂಗಸರನ್ನು ನಮ್ಮ ಜಗಲಿಯ ಮೇಲೆ ಸೇರಿಸಿ ರಟ್ಟಿನ ಚೀಟಿಗಳನ್ನು ಹರಡಿದರು. ಒಂದೊಂದರಲ್ಲೂ ಒಂದು ಕಾಯಿಲೆಯ ಚಿತ್ರ. ಆಗಷ್ಟೇ ಅಂಟಿಸಿದ್ದರೇನೋ, ಇನ್ನೂ ಆರಿರಲಿಲ್ಲ.

"ನಾನು ಹೇಳಿಕೊಡೋಕೆ ಬಂದಿಲ್ಲ, ಕೇಳೋಕೆ ಬಂದಿದ್ದೀನಿ. ಮನೆಮದ್ದು, ದೇವರು, ಆಸ್ಪತ್ರೆ ಅಂತ ನೀವೇ ಮಾತಾಡಿಕೊಂಡು ಮೂರು ಗುಂಪು ಮಾಡಿ" ಎಂದರು.

ಪಕ್ಕದ ಮನೆಯ ರಂಗಮ್ಮ ಸೊಂಟನೋವಿನ ಚೀಟಿಯನ್ನು ಕೆಳಗಿಡಲೇ ಇಲ್ಲ. "ಇದು ಯಾವ್ದಕ್ಕೂ ಬ್ಯಾಡ ಕಣ್ರವ್ವ. ಗಂಡಸ್ರು ಒಂದ್ವಾರ ನೀರು ಸೇದಿದ್ರೆ ತಾನೇ ವಾಸಿಯಾಗ್ತೈತೆ" ಎಂದಳು. ಲೆಕ್ಕದ ಪರೀಕ್ಷೆಯ ದಿನವೇ ಬರುತ್ತಿದ್ದ ನನ್ನ ತಲೆನೋವನ್ನು ನಾನು ದೇವರಿಗೆ ಒಪ್ಪಿಸಿದೆ. ಜ್ವರದ ಚೀಟಿ ಕೈಯಿಂದ ಕೈಗೆ ತಿರುಗಿ, ತಾಯಿಯಿಲ್ಲದ ನಮ್ಮಿಬ್ಬರನ್ನು ಸಾಕಿದ ಅಜ್ಜಿಯ ಮಾತಿನಂತೆ ಮನೆಮದ್ದಿಗೇ ಬಿತ್ತು.

ಕೊನೆಗೆ ಮೈಸೂರಿನಾಕೆ ಚಿತ್ರವಿಲ್ಲದ ಒಂದು ಚೀಟಿ ತೆಗೆದರು. "ನಾನು ಬಿಟ್ಟಿರೋದು ಏನಾದ್ರೂ ಇದ್ರೆ ಹೇಳಿ, ಬರೀತೀನಿ."

ಅಕ್ಕ ಮೆಲ್ಲಗೆ, "ಬಾಣಂತಿ ಸನ್ನಿ ಬರೀರಿ. ನಂಗೆ ಅದ್ರದ್ದೇ ಭಯ" ಎಂದಳು.

ಹೆತ್ತವಳಿಗೆ ಜ್ವರ ನೆತ್ತಿಗೇರಿ ಮಾತು ಕೆಡುವ ಕಾಯಿಲೆ ಅದು. ತುಂಬು ಬಸುರಿಯ ಬಾಯಲ್ಲಿ ಆ ಹೆಸರು ಕೇಳಿ ಎಲ್ಲರ ನಗು ನಿಂತುಹೋಯಿತು.

"ಬಿಡ್ತು ಅನ್ನೇ!" ಅಜ್ಜಿ ಗದರಿದಳು. "ಮುಸ್ಸಂಜೇಲಿ ಅಂಥ ಮಾತಾಡ್ತಾರೇನೇ? ಅಸ್ತು ದೇವತೆಗಳು ಓಡಾಡ್ತಿರ್ತಾವೆ."

ಅಕ್ಕ "ಬಿಡ್ತು" ಎಂದಳು. ಮೈಸೂರಿನಾಕೆ ಖಾಲಿ ಚೀಟಿಯನ್ನು ಹಾಗೇ ಕಟ್ಟಿನೊಳಗೆ ಸೇರಿಸಿ ದಾರ ಸುತ್ತಿದರು.

ಹೆರಿಗೆ ಸಲೀಸಾಗಿಯೇ ಆಯಿತು. ಆಮೇಲೆ ಜ್ವರ ಬಂತು. ಒಂದು ಬೆಳಿಗ್ಗೆ ಅಕ್ಕ ನನ್ನನ್ನೇ ದಿಟ್ಟಿಸಿ, "ನೀನ್ಯಾರು?" ಎಂದಳು. ಅಜ್ಜಿ ಕಷಾಯ ಕಾಯಿಸಿದಳು. ಅಪ್ಪ ಹರಕೆ ಕಟ್ಟಿಕೊಂಡರು. ನಾನು ಅರಸೀಕೆರೆ ಆಸ್ಪತ್ರೆ, ಅರಸೀಕೆರೆ ಆಸ್ಪತ್ರೆ ಎಂದು ಅಳುತ್ತ ತಿರುಗಿದೆ. ಜಗಲಿಯ ಮೂರು ಗುಂಪುಗಳೂ ನಡುಮನೆಗೆ ಬಂದಿದ್ದವು. ಕಾಯಿಲೆಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಬರಿಯ ಜ್ವರಕ್ಕೆ ಹಸಿ ಬಾಣಂತಿಯನ್ನು ಗಾಳಿಗೆ ಒಡ್ಡುವವರುಂಟೆ ಎಂದರು ಹಿರಿಯರು. ಅಪ್ಪ ಗಾಡಿ ಕಟ್ಟುವ ಹೊತ್ತಿಗೆ ತಡವಾಗಿತ್ತು. ಅರಸೀಕೆರೆ ಮುಟ್ಟುವ ಮೊದಲೇ ನನ್ನ ತೊಡೆಯ ಮೇಲೆ ಅಕ್ಕನ ತಲೆ ಭಾರವಾಯಿತು.

"ಚಿಕ್ಕಮ್ಮ, ಇದೊಂದು ಖಾಲಿ ಉಳೀತು. ಏನು ಬರೀಲಿ?" ಎಂದು ಇವತ್ತು ಪುಟ್ಟಿ ಕೇಳಿದಳು. ಅವಳಿಗೆ ಇದುವರೆಗೆ ನಾವು ಹೇಳಿದ್ದು ನಿಮ್ಮಮ್ಮನಿಗೆ ಜ್ವರ ಬಂದಿತ್ತು ಎಂದಷ್ಟೇ.

"ಬಾಣಂತಿ ಸನ್ನಿ" ಎಂದೆ. "ನಿಮ್ಮಮ್ಮಂಗೆ ಬಂದಿದ್ದು ಅದೇ ಕಣೇ."

ಅಜ್ಜಿಗೆ ಈಗ ಕಣ್ಣು ಕಾಣುವುದಿಲ್ಲ, ಕಿವಿ ಚುರುಕು. ಒಳಗಿನಿಂದ "ಬಿಡ್ತು ಅನ್ನೇ" ಎಂದಳು. ನಾನು ಅನ್ನಲಿಲ್ಲ.

"ಅದಕ್ಕೆ ಎಲ್ಲಿಗೆ ಹೋಗ್ಬೇಕು?" ಎಂದಳು ಪುಟ್ಟಿ.

"ಆಸ್ಪತ್ರೆಗೆ" ಎಂದೆ.

ಅದು ನನ್ನ ಉತ್ತರ. ಅಕ್ಕ ಆ ಚೀಟಿಯನ್ನು ಯಾವ ಗುಂಪಿಗೆ ಹಾಕುತ್ತಿದ್ದಳೆಂದು ಅಂದು ಯಾರೂ ಕೇಳಲಿಲ್ಲ. ಅದೊಂದು ಇವತ್ತಿಗೂ ನಮಗೆ ಗೊತ್ತಿಲ್ಲ.