ಸುಂದ್ರವ್ವನ ಸೆರಗಿನಲ್ಲಿ ಗಾಲಿ ಬೀಗದ ಚಾವಿ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಗೋಕಾಕದ ಪೇಟೆಯ ಹಿಂದಿನ ಓಣಿಯಲ್ಲಿ ಚಹಾದಂಗಡಿಯೊಂದನ್ನು ಬಿಟ್ಟರೆ ಯಾವ ಬಾಗಿಲೂ ತೆರೆದಿಲ್ಲ. ಅಂಕಲಗಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಸುಂದ್ರವ್ವ ಖಾಸಗಿ ಪಾರ್ಕಿಂಗ್ ಜಾಗದ ತಗಡಿನ ಗೇಟು ತೆಗೆದು, ನೀರು ಚಿಮುಕಿಸಿ ಕಸ ಗುಡಿಸುತ್ತಾರೆ. ಆಮೇಲೆ ಮೂಲೆಯ ಪೆಟ್ಟಿಗೆಯಿಂದ ಹಳದಿ ಬಣ್ಣದ ಕಬ್ಬಿಣದ ಬೀಗಗಳನ್ನು ಒಂದೊಂದಾಗಿ ಹೊರತೆಗೆದು ಗೋಡೆಗೆ ಒರಗಿಸುತ್ತಾರೆ. ಕಾರಿನ ಗಾಲಿಯನ್ನು ಇಕ್ಕಳದ ಹಾಗೆ ಕಚ್ಚಿ ಹಿಡಿದು ಅಲುಗದಂತೆ ಮಾಡುವ ಬೀಗಗಳವು. ಒಟ್ಟು ಆರು. ಪ್ರತಿಯೊಂದನ್ನೂ ಹಳೆಯ ಅರಿವೆಯಿಂದ ಒರೆಸಿ, ಚಾವಿ ಹೋಗುವ ತೂತಿಗೆ ಎರಡು ಹನಿ ಎಣ್ಣೆ ಬಿಡುತ್ತಾರೆ.

"ಹಾಕೂಮುಂದ ತಡಾ ಆದ್ರ ಆಗಲಿ. ತಗಿಯೂಮುಂದ ಲಗೂನ ಬಿಡಬೇಕ್ರಿ. ಮಂದಿ ಗಡಿಬಿಡಿ ಒಳಗ ಇರ್ತಾರ" ಎನ್ನುತ್ತಾರೆ.

ಸುಂದ್ರವ್ವನಿಗೆ ಈಗ ಐವತ್ತೊಂಬತ್ತು. ಹಣೆಯ ಮೇಲೆ ವಿಭೂತಿ, ಕಾಲಲ್ಲಿ ರಬ್ಬರ್ ಚಪ್ಪಲಿ, ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ತುದಿಯಲ್ಲಿ ಚಾವಿಯ ಗೊಂಚಲು. ದಿನಕ್ಕೆ ಎಂಬತ್ತು ಬೈಕು, ಮೂವತ್ತು ಕಾರು ಈ ಜಾಗಕ್ಕೆ ಬರುತ್ತವೆ. ದಾರಿಗೆ ಅಡ್ಡ ನಿಲ್ಲಿಸಿದ ಗಾಡಿಗೆ ಬೀಗ ಹಾಕುವುದು, ಗಾಜಿಗೆ ದಂಡದ ಚೀಟಿ ಸಿಕ್ಕಿಸುವುದು, ದಂಡ ಕಟ್ಟಿದ ಮೇಲೆ ಬಿಡುವುದು ಅವರ ಕೆಲಸ. ಊರಲ್ಲಿ ಯಾರೂ ಇಷ್ಟಪಡದ ಕೆಲಸ. ಸಿಟ್ಟಿಗೆದ್ದವರು ಚೀಟಿ ಹರಿದು ಮುಖದ ಮೇಲೆ ಎಸೆದದ್ದೂ ಉಂಟು.

ಈ ಜಾಗದಲ್ಲಿ ಅವರು ಮೊದಲ ಬಾರಿ ಕಾಲಿಟ್ಟಾಗ ಕಾರು ಎಂಬುದು ಇಲ್ಲಿಗೆ ಬರುತ್ತಿರಲಿಲ್ಲ. ಆಗ ಇದು ಸೈಕಲ್ ಸ್ಟ್ಯಾಂಡ್. ಗಂಡ ಹನಮಂತ ಜಾಗವನ್ನು ಬಾಡಿಗೆಗೆ ಹಿಡಿದು ತಗಡಿನ ಚಪ್ಪರ ಹಾಕಿದ್ದರು. ಸುತ್ತಲಿನ ಹಳ್ಳಿಗಳಿಂದ ಕಾಲೇಜಿಗೆ, ಕೋರ್ಟಿಗೆ, ಬೆಳಗಾವಿಯ ನೌಕರಿಗೆ ಹೋಗುವವರೆಲ್ಲ ಸೈಕಲ್ ಇಲ್ಲಿ ಬಿಟ್ಟು ಬಸ್ಸು ಹಿಡಿಯುತ್ತಿದ್ದರು. ನಂಬರು ಕೊರೆದ ತಗಡಿನ ಬಿಲ್ಲೆಗಳು ಜೋಡಿಯಾಗಿರುತ್ತಿದ್ದವು: ಒಂದು ಹ್ಯಾಂಡಲ್ಲಿಗೆ, ಇನ್ನೊಂದು ಮಾಲೀಕನ ಕಿಸೆಗೆ.

"ನಮ್ಮವರು ಬಿಲ್ಲೆ ನೋಡತಿದ್ದಿಲ್ರಿ. ಮನಷ್ಯಾ ಗೇಟಿನಾಗ ಕಂಡ್ರ ಸಾಕು, ಅವನ ಸೈಕಲ್ ಹೊರಗ ತಂದು ನಿಲ್ಲಸತಿದ್ರು. ಮಳಿ ಬಂದಿದ್ರ ಸೀಟ ಒರಸಿ ಕೊಡತಿದ್ರು. ಸಂಜೀಕ ಬಸ್ಸಿನಾಗಿಂದ ಇಳದು ಬಂದವ್ರು ನಮ್ಮ ಕಟ್ಟಿ ಮ್ಯಾಲ ಕುಂತು ನೀರು ಕುಡದು ಹೋಗಾವ್ರು. ಯಾರ ಮಗಳ ಲಗ್ನ, ಯಾರ ಎಮ್ಮಿ ಈದೈತಿ, ಎಲ್ಲಾ ಇಲ್ಲೇ ತಿಳೀತಿತ್ತು."

ಮಾತಾಡುತ್ತ ಅವರ ಕಣ್ಣು ಈಗ ಕಾಂಕ್ರೀಟು ಹಾಕಿರುವ ನೆಲದ ಮೇಲೆ ಓಡಾಡುತ್ತದೆ. ಕಟ್ಟೆ ಎಲ್ಲಿತ್ತು, ನೀರಿನ ಹರವಿ ಎಲ್ಲಿತ್ತು ಎಂದು ಬೆರಳು ಮಾಡಿ ತೋರಿಸುತ್ತಾರೆ. ಹನಮಂತ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅಷ್ಟರಲ್ಲಿ ಸೈಕಲ್ಲುಗಳೂ ಕಡಿಮೆಯಾಗಿದ್ದವು. ೨೦೧೯ರ ಮಹಾಪೂರದಲ್ಲಿ ಚಪ್ಪರ ಬಿತ್ತು, ಬಿಲ್ಲೆಗಳ ಪೆಟ್ಟಿಗೆ ಹೊಳೆಯ ಪಾಲಾಯಿತು. ಜಾಗದ ಮಾಲೀಕರ ಮಗ ಬಸವಲಿಂಗ ನೆಲ ಗಟ್ಟಿ ಮಾಡಿಸಿ ಕಾರುಗಳಿಗೆ ಪಾರ್ಕಿಂಗ್ ತೆರೆದಾಗ ಸುಂದ್ರವ್ವನನ್ನು ಪಗಾರದ ಮೇಲೆ ಉಳಿಸಿಕೊಂಡರು. ಮೂರು ವರ್ಷದ ಹಿಂದೆ ಗಾಲಿ ಬೀಗಗಳು ಬಂದವು. ಹಾಕುವ ಕೆಲಸ ಸುಂದ್ರವ್ವನದು. ಚಾವಿ ಮಾತ್ರ ಬಸವಲಿಂಗ ಅವರ ಕಿಸೆಯಲ್ಲೇ ಇರುತ್ತಿತ್ತು.

ಅದರಿಂದಲೇ ಒಂದು ದಿನ ಪ್ರಸಂಗ ಬಿಗಡಾಯಿಸಿತು.

ಎರಡು ವರ್ಷದ ಹಿಂದಿನ ಶ್ರಾವಣ. ಮೂಡಲಗಿಯ ಬೆಲ್ಲದ ವ್ಯಾಪಾರಿ ಸಿದ್ರಾಯ ಅವರ ಕಾರು ದಾರಿಗೆ ಅಡ್ಡ ನಿಂತಿತ್ತು. ಹಿಂದಿನ ಎರಡು ದಂಡದ ಚೀಟಿಗಳನ್ನೂ ಅವರು ಕಟ್ಟಿರಲಿಲ್ಲ. ಬಸವಲಿಂಗ ತಾವೇ ನಿಂತು ಬೀಗ ಹಾಕಿಸಿ, ಚಾವಿ ಸಮೇತ ಹುಕ್ಕೇರಿಗೆ ಬೀಗರ ಮನೆಯ ಕಾರ್ಯಕ್ಕೆ ಹೋದರು. ಮಧ್ಯಾಹ್ನ ಸಿದ್ರಾಯ ಓಡುತ್ತ ಬಂದರು. ಪಕ್ಕದ ಓಣಿಯ ಆಸ್ಪತ್ರೆಯಲ್ಲಿ ಹೆರಿಗೆಗೆ ಸೇರಿಸಿದ್ದ ಮಗಳು ಕಸ್ತೂರಿಯನ್ನು ತಡಮಾಡದೆ ಬೆಳಗಾವಿಗೆ ಒಯ್ಯಲು ಡಾಕ್ಟರು ಹೇಳಿದ್ದರು. ಆಂಬುಲೆನ್ಸ್ ಬರಲು ಒಂದು ತಾಸಾದರೂ ಬೇಕಿತ್ತು, ಬಾಡಿಗೆ ಕಾರೂ ಸಿಕ್ಕಿರಲಿಲ್ಲ.

"ದಂಡಾ ಎಷ್ಟರ ಆಗಲಿ ತಗೋಳವ್ವಾ, ಗಾಡಿ ಬಿಡು" ಎಂದು ಸಿದ್ರಾಯ ನೋಟುಗಳನ್ನು ಮುಂದೆ ಹಿಡಿದರು.

"ರೊಕ್ಕ ಕಿಸೇದಾಗ ಇಡ್ರಿ ಯಣ್ಣಾ. ಚಾವಿ ನನ್ನ ಹಂತ್ಯಾಕ ಇಲ್ಲ" ಎಂದ ಸುಂದ್ರವ್ವ ಬಸವಲಿಂಗ ಅವರಿಗೆ ನಾಲ್ಕು ಸಲ ಫೋನು ಮಾಡಿಸಿದರು. ಎತ್ತಲಿಲ್ಲ. ಕಲ್ಲಿನಿಂದ ಒಡೆಯಲು ಯಾರೋ ಮುಂದಾದರು, ಕಬ್ಬಿಣ ಜಗ್ಗಲಿಲ್ಲ.

ಸುಂದ್ರವ್ವ ಗಾಲಿಯ ಮುಂದೆ ಕುಳಿತು ಒಂದು ಗಳಿಗೆ ನೋಡಿದರು. ಆಮೇಲೆ ಟೈರಿಗೆ ಗಾಳಿ ತುಂಬುವ ಮೂತಿಯ ಟೋಪಿ ತಿರುಗಿಸಿ ತೆಗೆದು, ತಲೆಯ ಪಿನ್ನಿನಿಂದ ಒತ್ತಿ ಹಿಡಿದರು. ಗಾಳಿ ಹೋಗಿ ಟೈರು ಮೆತ್ತಗಾಯಿತು. ಬಿಗಿ ಸಡಿಲವಾದ ಬೀಗವನ್ನು ಇಬ್ಬರು ಗಂಡಸರು ಅಲುಗಿಸಿ ಜಾರಿಸಿ ತೆಗೆದರು. ಇನ್ನು ಗಾಳಿ ತುಂಬಬೇಕಿತ್ತು. ಸ್ಟ್ಯಾಂಡಿಗೆ ಮೋಟಾರ್ ಸೈಕಲ್ ಬರತೊಡಗಿದ ಕಾಲಕ್ಕೆ ಹನಮಂತ ತಂದಿಟ್ಟಿದ್ದ ಕೈಪಂಪು ಗೇಟಿನ ಪಕ್ಕದ ಸಣ್ಣ ಖೋಲಿಯ ಮೂಲೆಯಲ್ಲಿತ್ತು. ಸುಂದ್ರವ್ವನೇ ಮೊದಲು ಒತ್ತಿದರು. ಆಮೇಲೆ ಚಹಾದಂಗಡಿಯವರು, ಆಟೋದವರು, ಬಟ್ಟೆ ಅಂಗಡಿಯವರು ಸರದಿಯ ಮೇಲೆ ಒತ್ತಿದರು. ಇಪ್ಪತ್ತು ನಿಮಿಷದಲ್ಲಿ ಕಾರು ಹೊರಟಿತು. ಸಂಜೆ ಕಸ್ತೂರಿಗೆ ಹೆಣ್ಣುಮಗು ಹುಟ್ಟಿದ ಸುದ್ದಿ ಚಹಾದಂಗಡಿಯ ಫೋನಿಗೆ ಬಂತು.

ಮರುದಿನ ಬೆಳಿಗ್ಗೆ ಬಸವಲಿಂಗ ಸಿಟ್ಟಿನಲ್ಲಿದ್ದರು. "ಬೀಗ ಹಿಂಗ ತಗೀಬಹುದಂತ ಊರಿಗೆಲ್ಲಾ ತೋರಿಸಿಕೊಟ್ಟಿ. ಇನ್ನ ಯಾರು ಅಂಜತಾರ? ನಾಳಿಂದ ಬರಬ್ಯಾಡ" ಎಂದರು. ಸುಂದ್ರವ್ವ ಪಂಪನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು.

"ಮನೀಗಿ ಹೋಗಿ ಅತ್ತೇನ್ರಿ, ಸುಳ್ಳ ಯಾಕ ಹೇಳ್ಲಿ. ಕೂಸಿನ ಸಂಬಂಧ ಅಲ್ಲ, ನೌಕರಿ ಸಂಬಂಧಾನೂ ಅಲ್ಲ. ನಮ್ಮವರು ಕುಂತ ಜಾಗಾ ಅದು. ಅಲ್ಲಿಂದ ಹೊರಗ ಹಾಕಿಸಿಕೊಂಡ್ನಲ್ಲಾ ಅಂತ."

ಒಂಬತ್ತು ದಿನ ಅವರು ಬೇರೆಯವರ ಹೊಲದಲ್ಲಿ ಕಳೆ ತೆಗೆದರು. ಇತ್ತ ಪಾರ್ಕಿಂಗ್‌ನಲ್ಲಿ ಹೊಸದಾಗಿ ಇಟ್ಟ ಕಾವಲುಗಾರ ಎರಡೇ ದಿನಕ್ಕೆ ಜಗಳ ಮಾಡಿಕೊಂಡು ಬಿಟ್ಟು ಹೋದ. ಗಾಡಿಗಳು ಒಂದರ ಹಿಂದೊಂದು ಸಿಕ್ಕಿಕೊಂಡು, ಮಾಲೀಕರು ಯಾರೆಂದು ತಿಳಿಯದೆ ಗಂಟೆಗಟ್ಟಲೆ ನಿಂತವು. ಹತ್ತನೆಯ ದಿನ ಬಸವಲಿಂಗ ಅಂಕಲಗಿಗೆ ಬಂದು ಅವರ ಮನೆಯ ಕಟ್ಟೆಯ ಮೇಲೆ ಕುಳಿತರು.

"ಕಾಕು, ತಪ್ಪಾತು. ನೀ ಬರಲಿಲ್ಲಂದ್ರ ಜಾಗಾ ನಡಿಯೂದಿಲ್ಲ" ಎಂದು ಚಿಕ್ಕಮ್ಮನನ್ನು ಕರೆದಂತೆ ಕರೆದು ಕೇಳಿಕೊಂಡರು.

ಸುಂದ್ರವ್ವ ಚಹಾ ಮಾಡಿ ಕೊಟ್ಟು ಎರಡು ಮಾತು ಹೇಳಿದರು. ಚಾವಿ ತನ್ನ ಬಳಿ ಇರಬೇಕು. ಗಾಡಿಯವರನ್ನು ಕೂಗಿ ಕರೆಯುವ ಮೊದಲು ಯಾವ ಗಾಲಿಗೂ ಬೀಗ ಬೀಳಬಾರದು. ಬಸವಲಿಂಗ ಎರಡಕ್ಕೂ ಒಪ್ಪಿದರು.

ಈಗ ಅಡ್ಡ ನಿಂತ ಕಾರು ಕಂಡರೆ ಸುಂದ್ರವ್ವ ಮೊದಲು ಒಳಗೆ ಇಣುಕುತ್ತಾರೆ. ಹಿಂದಿನ ಸೀಟಿನಲ್ಲಿ ಬೀಜದ ಚೀಲವಿದ್ದರೆ ಗೊಬ್ಬರದ ಅಂಗಡಿಗೆ, ಮದುವೆಯ ಹೊಸ ಸೀರೆಗಳ ಗಂಟಿದ್ದರೆ ಬಂಗಾರದ ಅಂಗಡಿಗೆ, ಕಾಗದದ ಕಟ್ಟಿದ್ದರೆ ಕೋರ್ಟಿಗೆ ಗಾಡಿಯವರನ್ನು ಹುಡುಕುತ್ತ ಹೋಗುತ್ತಾರೆ. ಹೆಚ್ಚಿನವರು ಸಿಗುತ್ತಾರೆ. ವಾರಕ್ಕೆ ಎರಡು ಅಥವಾ ಮೂರು ಗಾಡಿಗೆ ಮಾತ್ರ ಬೀಗ ಬೀಳುತ್ತದೆ.

ಸಿದ್ರಾಯ ಈಗಲೂ ಬರುತ್ತಾರೆ, ಗೆರೆಯೊಳಗೆ ನಿಲ್ಲಿಸುತ್ತಾರೆ. "ಆ ಹಳೇ ಚೀಟಿ ಎರಡೂ ಕಟ್ಟೇನ್ರಿ. ಈ ಅವ್ವ ಕೇಳಲಿಲ್ಲ, ನಾನ ಹುಡುಕ್ಯಾಡಿ ತಂದು ಕಟ್ಟಿದ್ನಿ" ಎಂದು ನಗುತ್ತಾರೆ.

ಹೊತ್ತೇರಿ ಗಾಡಿಗಳು ತುಂಬತೊಡಗಿವೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಸುಂದ್ರವ್ವ ನಾಚುತ್ತಾರೆ.

"ಹಿಡಕಲ್ ಡ್ಯಾಮ್ ತುಂಬಿದ್ದು ಒಮ್ಮಿ ನೋಡಬೇಕ್ರಿ. ಇಲ್ಲಿಂದ ದಿನಾ ಗಾಡಿ ಹೋಗತಾವು, ಬಾ ಅಂತ ಕರೀತಾರ. ಹೋಗಾಕ ಆಗಿಲ್ಲ." ಒಂದು ಕಾರಿಗೆ ಕೈಮಾಡಿ ಹಿಂದೆ ಬರಲು ಜಾಗ ತೋರಿಸಿ, ಮತ್ತೆ ನಮ್ಮತ್ತ ತಿರುಗುತ್ತಾರೆ. "ಹೋಗೂದಾದ್ರೂ ಸಂತಿ ದಿನ ಬ್ಯಾಡ. ಅವತ್ತ ನಾ ಇರಲಿಲ್ಲಂದ್ರ ಮಂದೀಗಿ ತ್ರಾಸ ಆಗತೈತಿ."