ಅಜೆಕಾರಿಗೆ ಸಿಗ್ನಲ್ ನೋಡಲು ಹೋದದ್ದು

ಅಮ್ಮ ತೀರಿಕೊಂಡ ಮೇಲೆ, ಮಟ್ಟುವಿನಲ್ಲಿ ಅವಳ ಪಾಲಿಗೆ ಬಂದಿದ್ದ ಗದ್ದೆಯನ್ನು ನಾನೂ ಅಣ್ಣನೂ ಸೇರಿ ಮಾರಿದೆವು. ಗುಳ್ಳ ಬದನೆ ಬೆಳೆಯುವ ಗದ್ದೆ. ನೋಡಿಕೊಳ್ಳಲು ಇಬ್ಬರಿಂದಲೂ ಆಗುತ್ತಿರಲಿಲ್ಲ. ನನ್ನ ಮನೆ ಉಡುಪಿಯಲ್ಲಿ, ಕೆಲಸ ಮಣಿಪಾಲದ ಕಾಲೇಜೊಂದರ ಗ್ರಂಥಾಲಯದಲ್ಲಿ. ಅಣ್ಣ ಗಲ್ಫಿನಿಂದ ವಾಪಸು ಬಂದು ಕಾಪುವಿನಲ್ಲಿ ನೆಲೆಸಿದ್ದ. ಗಲ್ಫಿನಲ್ಲಿ ಅವನದು ಮೊಬೈಲ್ ಟವರ್ ಹತ್ತಿ ದುರಸ್ತಿ ಮಾಡುವ ಕೆಲಸವಾಗಿತ್ತು. ಯೌವನವೆಲ್ಲ ಮರಳುಗಾಡಿನ ಟವರುಗಳ ಮೇಲೆಯೇ ಕಳೆದಿತ್ತು. ಮೊಣಕಾಲು ನೋವು ಶುರುವಾದ ಮೇಲೆ, ಇನ್ನು ಯಾರ ಕೈಕೆಳಗೂ ದುಡಿಯುವುದಿಲ್ಲ ಎಂದು ಹಟ ಹಿಡಿದು ಊರಿಗೆ ಬಂದಿದ್ದ.

ಗದ್ದೆಯ ಹಣವನ್ನು ಬ್ಯಾಂಕಿನಲ್ಲಿಡೋಣ ಎಂದೆ ನಾನು.

"ಬ್ಯಾಂಕಿನಲ್ಲಿ ಇಟ್ರೆ ಎಂತ ಸಿಗ್ತದೆ ಮಾರಾಯ್ತಿ? ಫೋನ್ ಕಂಪೆನಿಯ ಷೇರು ತೆಗೆಯುವ. ಈ ಕಾಲದಲ್ಲಿ ಫೋನ್ ಇಲ್ಲದೆ ಇರುವವರು ಯಾರುಂಟು?" ಅಂದ.

ಟವರಿನ ಬಗ್ಗೆ ಅವನಿಗೆ ಗೊತ್ತಿರುವಷ್ಟು ನಮ್ಮ ಕುಟುಂಬದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅವನ ಮಾತಿಗೆ ನಾನು ಎದುರಾಡಲಿಲ್ಲ. ಅವನ ಪಾಲಿನ ಷೇರು ಅವನ ಖಾತೆಗೆ, ನನ್ನ ಪಾಲಿನದು ನನ್ನ ಖಾತೆಗೆ ಬಂತು. ಕಂಪೆನಿ ಮಾತ್ರ ಒಂದೇ.

ಆಮೇಲಿನ ದಿನಗಳನ್ನು ನೆನೆದರೆ ಈಗ ಸಂಕಟವಾಗುತ್ತದೆ, ಅಷ್ಟು ಚೆನ್ನಾಗಿದ್ದವು. ಅಣ್ಣ ಗಲ್ಫಿನಲ್ಲಿದ್ದಷ್ಟು ಕಾಲ ನಾವು ಮಾತನಾಡಿದ್ದೇ ಕಡಿಮೆ. ಹಬ್ಬಕ್ಕೊಮ್ಮೆ ಫೋನ್, ಅದರಲ್ಲೂ ಅರ್ಧ ಅಮ್ಮನ ಔಷಧಿಯ ವಿಷಯ. ಈಗ ಅವನು ಭಾನುವಾರ ಭಾನುವಾರ ಅತ್ತಿಗೆಯನ್ನು ಕರೆದುಕೊಂಡು ಉಡುಪಿಗೆ ಬರುತ್ತಿದ್ದ. ಬರುವಾಗ ಕಾಪುವಿನಿಂದ ಮೀನು ತರುತ್ತಿದ್ದ. ಊಟವಾದ ಮೇಲೆ ನಾವಿಬ್ಬರೂ ಜಗಲಿಯಲ್ಲಿ ಕುಳಿತು ಷೇರಿನ ದರ ನೋಡುತ್ತಿದ್ದೆವು. ಒಂದಿಷ್ಟು ಏರಿದ್ದರೆ ಅಣ್ಣ ಒಳಗೆ ಕೇಳುವ ಹಾಗೆ, "ಚಾ ಉಂಟಾ?" ಎನ್ನುತ್ತಿದ್ದ. ಅತ್ತಿಗೆಗೆ ಆ ದನಿಯಲ್ಲೇ ದರ ಗೊತ್ತಾಗುತ್ತಿತ್ತು.

ಅದೇ ಹೊತ್ತಿಗೆ ವಿಶ್ಲೇಷಕರ ವರದಿ ಬಂತು. ಷೇರುಗಳನ್ನು ಅಳೆದು ನೋಡುವ ದೊಡ್ಡ ಸಂಸ್ಥೆಯೊಂದು, ಕೊಳ್ಳಬಹುದು ಎಂದು ಹಿಂದೆ ತಾನೇ ಹೇಳಿದ್ದ ನಮ್ಮ ಕಂಪೆನಿಯ ಷೇರನ್ನು ಮಾರುವುದು ಒಳಿತು ಎಂಬ ಸಾಲಿಗೆ ಇಳಿಸಿತು. ಸಾಲ ಹೆಚ್ಚಾಗಿದೆ, ಗ್ರಾಹಕರು ಬಿಟ್ಟುಹೋಗುತ್ತಿದ್ದಾರೆ ಎಂಬುದು ಅವರು ಕೊಟ್ಟ ಕಾರಣ. ವಾರ ಕಳೆಯುವುದರೊಳಗೆ ಇನ್ನೊಂದು ಸಂಸ್ಥೆಯೂ ಅದನ್ನೇ ಹೇಳಿತು.

ಅಣ್ಣ ಸಣ್ಣ ಹೂಡಿಕೆದಾರರ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದ. ಅಲ್ಲಿ ದಿನವಿಡೀ ಅದೇ ಚರ್ಚೆ. ಮೊದಲು ಹೆದರಿಸಿ ಬೀಳಿಸುತ್ತಾರೆ, ಆಮೇಲೆ ದೊಡ್ಡವರು ಅಗ್ಗಕ್ಕೆ ಕೊಳ್ಳುತ್ತಾರೆ ಎಂದು ಒಬ್ಬರು. ಸರಕಾರ ಕೈಬಿಡಲಿಕ್ಕಿಲ್ಲ ಎಂದು ಇನ್ನೊಬ್ಬರು. ಅಣ್ಣ ಇವನ್ನೆಲ್ಲ ನನಗೆ ಕಳಿಸುತ್ತಿದ್ದ. ನಾನು ಗ್ರಂಥಾಲಯಕ್ಕೆ ಬರುವ ವಾಣಿಜ್ಯ ಪತ್ರಿಕೆಗಳನ್ನು ಓದುತ್ತಿದ್ದೆ. ಅವುಗಳಲ್ಲಿ ಇಷ್ಟು ಧೈರ್ಯ ಇರುತ್ತಿರಲಿಲ್ಲ.

"ಆ ವರದಿಯವರು ಎಸಿ ರೂಮಿನಲ್ಲಿ ಕೂತು ಬರೆಯುವುದು," ಎಂದು ಅಣ್ಣ ಒಂದು ಭಾನುವಾರ ಹೇಳಿದ. "ನಾವೇ ಹೋಗಿ ನೋಡುವ. ಹಳ್ಳಿಯಲ್ಲಿ ಸಿಗ್ನಲ್ ಉಂಟಾದ್ರೆ ಕಂಪೆನಿ ಉಂಟು."

ಹಾಗೆ ನಾವಿಬ್ಬರೂ ಅವನ ಹಳೆಯ ಕಾರಿನಲ್ಲಿ ಹೊರಟೆವು. ಕಾರ್ಕಳ ದಾಟಿ ಅಜೆಕಾರಿನ ಕಡೆಗೆ. ಎರಡೆರಡು ಮೈಲಿಗೊಮ್ಮೆ ಕಾರು ನಿಲ್ಲಿಸುವುದು, ಅಣ್ಣ ಇಳಿದು ಫೋನ್ ಎತ್ತಿ ಹಿಡಿಯುವುದು. ದಾರಿಯಲ್ಲಿ ಹೋಗುವವರು ನಮಗೆ ದಾರಿ ತಪ್ಪಿದೆ ಎಂದುಕೊಂಡು ಬಂದು ವಿಚಾರಿಸುತ್ತಿದ್ದರು. ಒಂದು ತಿರುವಿನಲ್ಲಿ, ಕೊಯ್ಲು ಮುಗಿದ ಗದ್ದೆಯಾಚೆ ಟವರ್ ಕಂಡಿತು. ಅಣ್ಣ ಅದರ ಬುಡದವರೆಗೂ ಕುಂಟುತ್ತಾ ನಡೆದುಹೋಗಿ ತಲೆ ಎತ್ತಿ ನೋಡಿದ. ಆ್ಯಂಟೆನಾಗಳನ್ನು ತೋರಿಸುತ್ತಾ ಯಾವುದು ಯಾವುದಕ್ಕೆ ಎಂದು ವಿವರಿಸಿದ. ಗಾಳಿ ಬೀಸಿದಾಗ ಮೇಲೆ ಹೇಗನಿಸುತ್ತದೆ, ಒಮ್ಮೆ ಮರಳ ಬಿರುಗಾಳಿಯಲ್ಲಿ ಕಣ್ಣು ಮುಚ್ಚಿ ಕಂಬವನ್ನು ತಬ್ಬಿಕೊಂಡು ಹೇಗೆ ಕುಳಿತಿದ್ದ ಎಂದೆಲ್ಲ ಹೇಳಿದ. ಅಲ್ಲಿಯವರೆಗೆ ಅವನು ಗಲ್ಫಿನ ಬಗ್ಗೆ ನನ್ನೊಡನೆ ಅಷ್ಟು ಮಾತನಾಡಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲವಂತೆ.

ಅಜೆಕಾರಿನಲ್ಲಿ ಚಾ ಕುಡಿಯಲು ಕುಳಿತೆವು. ಸಿಗ್ನಲ್ ತುಂಬಿತ್ತು. ಅಣ್ಣ ಹೋಟೆಲಿನವರನ್ನು ಕೇಳಿದ, "ನಿಮ್ಮದು ಇದೇ ಸಿಮ್ಮಾ?"

"ಮೊದಲು ಅದೇ ಇತ್ತು. ಸಿಗ್ನಲಿಗೆ ತೊಂದರೆ ಇಲ್ಲ. ಮಗಳು ಬೇರೆಯದಕ್ಕೆ ಹೋದಳು, ಮತ್ತೆ ಮನೆಯವರೆಲ್ಲ ಅದಕ್ಕೇ ಬದಲಾಯಿಸಿದೆವು," ಎಂದರು ಅವರು.

ಹಿಂದಿರುಗುವಾಗ ನಾನು ಅದನ್ನೇ ಹೇಳಿದೆ. "ಅಣ್ಣ, ಟವರ್ ಉಂಟು, ಜನ ಇಲ್ಲ ಅಲ್ವಾ?"

"ಒಂದು ಹೋಟೆಲಿನವರು ಬಿಟ್ರೆ ಎಂತ ಆಯ್ತು? ಅಷ್ಟು ದೊಡ್ಡ ಟವರನ್ನು ಯಾರಾದ್ರೂ ಸುಮ್ಮನೆ ನಿಲ್ಲಿಸ್ತಾರಾ?"

ನನ್ನ ಮಗಳನ್ನು ಆ ವರ್ಷ ಕಾಲೇಜಿಗೆ ಸೇರಿಸುವುದಿತ್ತು. ನಾನು ನನ್ನ ಪಾಲನ್ನು ಮಾರಲು ನಿರ್ಧರಿಸಿದೆ. ಮಾರುವ ಮೊದಲು ಕಾಪುವಿಗೆ ಹೋಗಿ ಹೇಳಿದೆ, ಅವನೂ ಅರ್ಧವಾದರೂ ಮಾರಲಿ ಎಂದು ಒತ್ತಾಯಿಸಿದೆ. ಅವನು ಸಿಟ್ಟಾಗಲಿಲ್ಲ.

"ನಿನ್ನದು ನಿನ್ನಿಷ್ಟ. ನಾನು ಇಟ್ಟುಕೊಳ್ತೇನೆ," ಅಂದ. ಅತ್ತಿಗೆ ನನ್ನ ಮುಖವನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು.

ನಾನು ಮಾರಿದ ಮೇಲೆ ಕೆಲವು ದಿನ ದರ ಏರಿತು. ಅಣ್ಣ ಫೋನ್ ಮಾಡಿ ನಗುತ್ತಾ, "ಗಡಿಬಿಡಿ ಮಾಡಿದೆ ನೀನು," ಎಂದ. ಆ ನಗು ಹಾಗೇ ಉಳಿಯಲಿ ಎಂದು ನಾನು ನಿಜವಾಗಿ ಬಯಸಿದ್ದೆ. ಆದರೆ ದರ ಮತ್ತೆ ಇಳಿಯಿತು. ಹಣ ಎತ್ತಲು ಕಂಪೆನಿ ರಾಶಿ ರಾಶಿ ಹೊಸ ಷೇರು ಹೊರಡಿಸಿದಾಗ ಹಳಬರ ಪಾಲು ತೆಳುವಾಯಿತು. ಮತ್ತೊಂದು ವರದಿ ಬಂತು. ಇಳಿದಷ್ಟೂ ಅಣ್ಣನಿಗೆ ಮಾರಲು ಮನಸ್ಸು ಬರಲಿಲ್ಲ. ಕೊನೆಗೆ ಮಾರಿದರೂ ಪ್ರಯೋಜನವಿಲ್ಲದಂತಾಯಿತು.

ಮೊದಲು ನಿಂತದ್ದು ಅವನು ಭಾನುವಾರ ಬರುವುದು. ಮೊಣಕಾಲು, ಮಳೆ, ನೆಂಟರು ಎಂದು ಏನಾದರೊಂದು ಕಾರಣ. ನಾವು ಕಾಪುವಿಗೆ ಹೋದರೆ ಚೆನ್ನಾಗಿಯೇ ಮಾತನಾಡುತ್ತಿದ್ದ. ಕುರ್ಚಿ ಎಳೆದು ಕೊಡುತ್ತಿದ್ದ. ಮಗಳ ಓದಿನ ಬಗ್ಗೆ ವಿಚಾರಿಸುತ್ತಿದ್ದ. ನನ್ನನ್ನು ಮಾರಾಯ್ತಿ ಎನ್ನುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದ. ಬೇರೆ ಯಾರ ಮನೆಗೋ ಬಂದು ಕುಳಿತಂತೆ ಆಗುತ್ತಿತ್ತು ನನಗೆ.

ಒಂದು ಮಧ್ಯಾಹ್ನ ಮಣಿಪಾಲದಲ್ಲಿ ಊಟಕ್ಕೆಂದು ಹೊರಗೆ ಹೊರಟಿದ್ದೆ. ಅಪಾರ್ಟ್‌ಮೆಂಟೊಂದರ ಗೋಡೆಗೆ ಏಣಿ ಇಟ್ಟು ಯಾರೋ ಇಂಟರ್ನೆಟ್ ಕೇಬಲ್ ಎಳೆಯುತ್ತಿದ್ದರು. ಒಂದು ಕಾಲನ್ನು ಮೆಲ್ಲನೆ ಎತ್ತಿಡುವ ರೀತಿಯಲ್ಲೇ ಅಣ್ಣನೆಂದು ಗೊತ್ತಾಯಿತು. ಅವನು ಕೆಲಸಕ್ಕೆ ಸೇರಿದ್ದನ್ನು ಅತ್ತಿಗೆಯೂ ನನಗೆ ಹೇಳಿರಲಿಲ್ಲ. ಕರೆಯಲೋ ಬೇಡವೋ ಎಂದು ನಿಂತಿದ್ದೆ. ಅವನೇ ನೋಡಿ ಇಳಿದು ಬಂದ.

"ಊಟ ಆಯ್ತಾ?" ಅಂದ.

ಹತ್ತಿರದ ಹೋಟೆಲಿನಲ್ಲಿ ಊಟ ಮಾಡಿದೆವು. "ಅಣ್ಣ, ನನ್ನ ಹತ್ತಿರ ಗದ್ದೆಯ ಹಣದಲ್ಲಿ ಸ್ವಲ್ಪ ಉಂಟು," ಎಂದು ಶುರು ಮಾಡಿದೆ.

"ಅದು ನಿನ್ನ ಪಾಲು," ಎಂದು ಅವನು ಅನ್ನ ಕಲಸಿದ. "ಇದು ಒಳ್ಳೆ ಕೆಲಸವೇ. ಮೂರು ಮಾಳಿಗೆಗಿಂತ ಮೇಲೆ ನನ್ನನ್ನು ಹತ್ತಿಸುವುದಿಲ್ಲ." ಇನ್ನಷ್ಟು ಸಾರು ಹಾಕಿಸಿಕೊಂಡು, "ನೀನು ಹೇಳಿದ್ದು ಸರಿ ಇತ್ತು," ಅಂದ. ಆ ಮಾತು ಅವನ ಬಾಯಿಂದ ಬರಬಾರದಿತ್ತು. ನನ್ನ ಅಂದಾಜು ತಪ್ಪಾಗಿ, ಅವನು ಜೀವನವಿಡೀ ನನ್ನನ್ನು ಗೇಲಿ ಮಾಡುತ್ತಾ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಕಳೆದ ತಿಂಗಳು ಅವನ ಕಣ್ಣಿನ ತಪಾಸಣೆಗೆ ಉಡುಪಿಯ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿದ್ದೆ. ಕಾಯುವ ಕೋಣೆಯ ಟಿವಿಯಲ್ಲಿ ವಾಣಿಜ್ಯ ಸುದ್ದಿ ಬರುತ್ತಿತ್ತು, ಕೆಳಗೆ ಷೇರಿನ ದರಗಳು ಓಡುತ್ತಿದ್ದವು. ಅಣ್ಣ ಎದ್ದುಹೋಗಿ ಕೌಂಟರಿನ ಹುಡುಗಿಯ ಬಳಿ ಮೆಲ್ಲನೆ ಏನೋ ಹೇಳಿದ. ಅವಳು ಚಾನೆಲ್ ಬದಲಾಯಿಸಿದಳು. ಯಾವುದೋ ಧಾರಾವಾಹಿ. ಅವನ ಸರದಿ ಬರುವವರೆಗೂ ಇಬ್ಬರೂ ಅದನ್ನೇ ನೋಡುತ್ತಾ ಕುಳಿತೆವು.